ಹೊತ್ತು ಹೇಳದ ವಾಚುಗಳ ಮನೆಯಲ್ಲಿ ಆರು ದಿನ

ಜಾಲ್ಸೂರು

ಗುರುವಾರ ಮಧ್ಯಾಹ್ನ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕುಳಿತು ದೇವರ ದೀಪಗಳಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಶುಕ್ರವಾರಕ್ಕೆ ದೀಪ ಹೊಳೆಯಬೇಕು, ಅತ್ತೆಯ ಕಾಲದಿಂದ ಬಂದ ಕ್ರಮ. ಎರಡು ಕಾಲುದೀಪ ಮುಗಿದು ತೂಗುದೀಪಕ್ಕೆ ಕೈಹಾಕುವಾಗ ಒಳಗೆ ಫೋನು ಬಡಿಯಿತು. ಊಟ ಮಾಡಿ ಅಡ್ಡಾಗಿದ್ದ ನಮ್ಮವರ ತಲೆಯ ಹತ್ತಿರವೇ ಫೋನು ಇತ್ತು. ಅವರು ಎತ್ತಲಿಲ್ಲ. ಹುಳಿ ಕೈಯಲ್ಲಿ ಹಿತ್ತಲಿನಿಂದ ನಾನೇ ಓಡಬೇಕಾಯಿತು. ಮದುವೆಯಾಗಿ ಮೂವತ್ತಾರು ವರ್ಷ, ಈ ಮನೆಯಲ್ಲಿ ಫೋನು ಯಾರದ್ದಾದರೂ ಓಟ ನನ್ನದೇ.

ಮಾತಾಡಿದ್ದು ದುಬೈಯ ದಿವಾಕರ. ಐವರ್ನಾಡಿನವನು, ಅಲ್ಲಿ ದೊಡ್ಡ ವ್ಯಾಪಾರ. ಅವನ ತಂದೆಯ ಸ್ಟೀಲಿನ ವಾಚನ್ನು ಅವರು ಬದುಕಿರುವಷ್ಟು ಕಾಲ ನಡೆಸಿಕೊಟ್ಟದ್ದು ನಮ್ಮವರು. ನಮ್ಮವರು ಎಂದರೆ ಮೋನಪ್ಪ, ಸುಳ್ಯ ಪೇಟೆಯಲ್ಲಿ ವಾಚು ರಿಪೇರಿ ಅಂಗಡಿ. ಹರೆಯದಲ್ಲಿ ಎಂಟು ವರ್ಷ ಮುಂಬಯಿಯಲ್ಲಿ ವಿದೇಶಿ ವಾಚು ಬಿಚ್ಚುವ ಅಂಗಡಿಯಲ್ಲಿ ಕಲಿತು ಬಂದವರು. ಈಗ ಊರಿನಲ್ಲಿ ಎಲ್ಲರೂ ಹೊತ್ತು ನೋಡುವುದು ಮೊಬೈಲಿನಲ್ಲಿ. ಅಂಗಡಿಗೆ ಬರುವುದು ಬ್ಯಾಟರಿ ಬದಲಿಸುವವರು, ಪಟ್ಟಿ ಹಾಕಿಸುವವರು.

ದಿವಾಕರನ ಹತ್ತಿರ ಹರಳು ಕೂರಿಸಿದ ಹಳೆಯ ವಾಚುಗಳು ಸುಮಾರು ಉಂಟಂತೆ. ಅದರಲ್ಲಿ ಒಂದು, ಡಯಲಿನ ಸುತ್ತ ಕೆಂಪು ಹರಳುಗಳ ಬಳೆ ಇರುವುದು, ನಿಂತುಹೋಗಿದೆ. ಕಂಪನಿಗೆ ಕಳಿಸಿದರೆ ಅವರು ಪಾಲಿಶ್ ಹೊಡೆದು, ಹಳೆಯ ಭಾಗ ತೆಗೆದು ಹೊಸತು ಹಾಕುತ್ತಾರೆ, ಹಾಗಾದರೆ ಅದರ ಕಥೆ ಮುಗಿಯಿತು ಎಂದ. ಏನನ್ನೂ ಬದಲಿಸದೆ ಬರೀ ಯಂತ್ರ ತೊಳೆದು ನಡೆಸಿಕೊಡುವ ನಂಬಿಕೆಯ ಕೈ ಬೇಕು. ಮೋನಪ್ಪಣ್ಣನನ್ನು ಬಿಟ್ಟರೆ ಅವನಿಗೆ ಬೇರೆ ಕೈ ಗೊತ್ತಿಲ್ಲ. ನೀವೂ ಬನ್ನಿ ಅಕ್ಕ, ಟಿಕೆಟ್ ಇಬ್ಬರಿಗೂ ಎಂದ.

ಆ ಕೈಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಹೋದ ಮಳೆಗಾಲದಿಂದ ನಮ್ಮವರ ಬಲಗೈ ನಡುಗುತ್ತದೆ. ಬೆಳಿಗ್ಗೆ ಚಾ ಕೊಟ್ಟರೆ ಕಪ್ಪು ಸಾಸರಿನ ಮೇಲೆ ಕಿಣಿಕಿಣಿ ಅನ್ನುತ್ತದೆ. ಡಾಕ್ಟರಿಗೆ ತೋರಿಸುವ ಅಂದರೆ, ಸಾಸರಿನ ತಳ ಸರಿ ಇಲ್ಲ ಅನ್ನುತ್ತಾರೆ. ನಾನು ಮೂರು ಸಾಸರು ಬದಲಿಸಿದೆ.

ಫೋನು ಇಟ್ಟ ಮೇಲೆ ನಾನು ಹೇಳಿದೆ: "ಬೇಡ ಹೇಳಿ. ನಿಮ್ಮ ಹೆಸರು ಇರುವಾಗಲೇ ನಿಲ್ಲಿಸಿ."

"ನನ್ನ ಕೈಗೆ ಎಂತ ಆಗಿದೆ?" ಎಂದು ಅವರು ಕೇಳಿದರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದರು.

ಅವರಿಗೆ ಹೋಗಲೇಬೇಕು ಎಂದು ಆಗ ತಿಳಿಯಿತು. ಬ್ಯಾಟರಿ ಹಾಕಿ ಹಾಕಿ ಸಾಕಾಗಿದ್ದ ಮನುಷ್ಯ.

ನನ್ನ ಚಿಂತೆ ಒಂದೇ ಸಾಲದು ಎಂದು ಬಟ್ಟೆಯ ಚಿಂತೆಯೂ ಸೇರಿತು. ಇವರು ಅಂಗಡಿಯಲ್ಲಿ ಕೂರುವುದು ಬಿಳಿ ಮುಂಡು ಉಟ್ಟು. ಅದರ ಅಂಚನ್ನು ಮೇಜಿನ ಡ್ರಾಯರಿಗೆ ಸಿಕ್ಕಿಸಿ, ಮೊಣಕಾಲ ಮೇಲೆ ತೊಟ್ಟಿಲ ಹಾಗೆ ಹರಡಿಕೊಂಡು ಕೆಲಸ. ಸುಳ್ಯದವರೆಲ್ಲ ನೋಡಿದ್ದಾರೆ. ಅಂಥಾ ಶ್ರೀಮಂತರ ಮನೆಯಲ್ಲಿ, ಅಲ್ಲಿನ ಹೆಂಗಸರ ಎದುರು, ಕಾಲು ಅಗಲಿಸಿ ಮುಂಡು ಹರಡಿ ಕೂರುವುದೇ? ಪುತ್ತೂರಿಗೆ ಹೋಗಿ ಎರಡು ಪ್ಯಾಂಟು ತಂದೆ. ಎರಡೂ ಉದ್ದವಾದವು. ದರ್ಜಿ ಮದುವೆಗೆ ಹೋಗಿದ್ದ. ನಾನೇ ಹೊರಗಡೆಗೆ ಮೂರು ಬೆರಳು ಮಡಚಿ ದೊಡ್ಡ ದೊಡ್ಡ ಹೊಲಿಗೆ ಹಾಕಿದೆ. ತುಂಬ ಹಳೆ ಕಾಲದವರ ಹಾಗೆ ಕಾಣುತ್ತಿತ್ತು. ಮುಂಡು ಒಂದು ಇರಲಿ ಎಂದು ಚೀಲದ ತಳಕ್ಕೆ ತುರುಕಿದೆ.

ತೂಗುದೀಪ ಹುಣಸೆ ನೀರಿನ ಬಾಲ್ದಿಯಲ್ಲೇ ಉಳಿಯಿತು. ಆ ಮೇಲೆ ನೆನಪೇ ಆಗಲಿಲ್ಲ.

ವಿಮಾನ ನಿಲ್ದಾಣ

ನಮ್ಮ ಪಾಸ್‌ಪೋರ್ಟು ಮಗಳ ಬಾಣಂತನಕ್ಕೆ ಮಸ್ಕತಿಗೆ ಹೋಗಲು ಮಾಡಿಸಿದ್ದು. ಮಗಳೇ ಊರಿಗೆ ಬಂದಳು. ಅಂದಿನಿಂದ ಅವು ದೇವರ ಕೋಣೆಯಲ್ಲಿ ಫೋಟೋದ ಹಿಂದೆ ಇದ್ದವು. ಮಂಗಳೂರಿನಲ್ಲಿ ಅಧಿಕಾರಿ ನನ್ನ ಪಾಸ್‌ಪೋರ್ಟು ಬಿಡಿಸಿದಾಗ ಕುಂಕುಮ ಅವನ ಅಂಗಿಯ ತೋಳಿನ ಮೇಲೆ ಬಿತ್ತು. ಅವನು ನನ್ನ ಮುಖ ನೋಡಿದ, ಕುಂಕುಮ ನೋಡಿದ, ಒರೆಸಿ ಠಸ್ಸೆ ಹೊಡೆದ. ಬೈಯಲಿಲ್ಲ, ಅದೊಂದು ಪುಣ್ಯ.

ಬೈದವರು ಮುಂದೆ ಚೀಲ ತಪಾಸಣೆ ಮಾಡುವವರು. ಉಪಕರಣಗಳನ್ನು ಕೈಚೀಲದಲ್ಲಿ ಒಯ್ಯಬೇಡಿ ಎಂದು ನಾನು ಮನೆಯಲ್ಲೇ ಹೇಳಿದ್ದೆ. ಇವರು ಕೇಳಲಿಲ್ಲ. ದೊಡ್ಡ ಚೀಲದೊಟ್ಟಿಗೆ ಎಸೆಯುತ್ತಾರೆ, ಚಿಮಟದ ತುದಿ ಬಗ್ಗುತ್ತದೆ ಎಂಬ ವಾದ. ಯಂತ್ರದ ಪರದೆಯಲ್ಲಿ ಚೀಲದ ತುಂಬ ಸೂಜಿ, ಚೂರಿ, ಕೊಕ್ಕೆ. ಅಲ್ಲಿನ ಹುಡುಗಿ ನಲವತ್ತು ಸಾಮಾನುಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿದಳು. ಇವರು ಒಂದೊಂದಕ್ಕೂ ವಿವರಣೆ ಕೊಡುತ್ತಾ ಹೋದರು. ಇದು ಮುಳ್ಳು ಎತ್ತುವುದು, ಇದು ಸ್ಪ್ರಿಂಗ್ ಹಿಡಿಯುವುದು. ಹಿಂದಿನ ಸಾಲಿನವರು ಹಲ್ಲು ಕಡಿಯುತ್ತಿದ್ದರು. ಕೊನೆಗೆ ನಾವು ಹಿಂದೆ ಹೋಗಿ ಆ ಪೆಟ್ಟಿಗೆಯನ್ನು ಸಾಮಾನಿಗೆ ಹಾಕಿ ಬರಬೇಕಾಯಿತು. ನನ್ನ ಹಟಕ್ಕೆ ನಾಲ್ಕು ಗಂಟೆ ಮೊದಲೇ ಬಂದಿದ್ದೆವು. ಇಲ್ಲದಿದ್ದರೆ ವಿಮಾನ ನಮ್ಮನ್ನು ಬಿಟ್ಟೇ ಹಾರುತ್ತಿತ್ತು.

ಮೂವತ್ತೊಂದನೇ ಮಾಳಿಗೆ

ಅಷ್ಟು ಎತ್ತರದಲ್ಲಿ ಮನೆ ಮಾಡುವವರ ಧೈರ್ಯಕ್ಕೆ ಕೈಮುಗಿಯಬೇಕು. ಕಿಟಕಿ ತೆರೆಯಲು ಬರುವುದಿಲ್ಲ. ಬಟ್ಟೆ ಒಣಗಿಸಲು ಬಿಸಿಲು ಬೇಕಾದಷ್ಟು ಉಂಟು, ಆದರೆ ಗಾಜಿನ ಆಚೆ. ತುಳಸಿ ಇಲ್ಲ. ಹೊಸ್ತಿಲು ಇಲ್ಲ, ಹಾಗಾಗಿ ರಂಗೋಲಿ ಎಲ್ಲಿ ಹಾಕುವುದು ಎಂದು ತಿಳಿಯದೆ ಮೊದಲ ಬೆಳಿಗ್ಗೆ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದೆ.

ದಿವಾಕರನ ಹೆಂಡತಿ ಶುಭ ಒಳ್ಳೆಯವಳು, ಎಲ್ಲಕ್ಕೂ ಮಿಷನ್ ತೋರಿಸುವವಳು. ಪಾತ್ರೆಗೆ ಮಿಷನ್, ಬಟ್ಟೆಗೆ ಮಿಷನ್, ಧೂಳಿಗೆ ಮಿಷನ್. ಬಟ್ಟೆಯನ್ನು ನಾನು ಕೈಯಲ್ಲೇ ಒಗೆಯುತ್ತೇನೆ ಎಂದೆ. ಗಂಡನ ಬಟ್ಟೆಯನ್ನು ಜೇಬು ನೋಡದೆ, ಮಡಿಕೆ ಬಿಡಿಸದೆ ಮಿಷನಿಗೆ ಹಾಕಿ ನನಗೆ ಅಭ್ಯಾಸ ಇಲ್ಲ. ವಾಚಿನವರ ಬಟ್ಟೆ, ಜೇಬಿನಲ್ಲಿ ಯಾವಾಗಲೂ ಒಂದು ಸ್ಕ್ರೂ ಇರುತ್ತದೆ. ಶುಭನಿಗೆ ಅದು ಹಿಡಿಸಲಿಲ್ಲ. ಬಂದವರು ಬಚ್ಚಲಿನಲ್ಲಿ ಬಟ್ಟೆ ಒಗೆದರೆ ಮನೆಯವರಿಗೆ ಅವಮಾನ ಅಂತೆ. ಮೂರು ಸಲ ಹೇಳಿದಳು. ಮೂರು ಸಲವೂ ನಾನು ಬಾಲ್ದಿ ಕೇಳಿದೆ.

ಕೆಲಸಕ್ಕೆ ಇದ್ದವಳು ಓಮನ, ಕಾಸರಗೋಡು ಕಡೆಯವಳು. ಜಾಲ್ಸೂರಿನಿಂದ ಅವಳ ಊರಿಗೆ ಒಂದೇ ಬಸ್ಸು. ನಮಗೆ ಮಲೆಯಾಳ ಹುಟ್ಟಿನಿಂದಲೇ ಕಿವಿಯಲ್ಲಿ ಉಂಟು, ಮಾತು ಕೂಡಲೇ ಹೊಂದಿತು. ಬಾಲ್ದಿ ತಂದುಕೊಟ್ಟವಳು ಅವಳೇ. ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ದೊಡ್ಡವಳು ನರ್ಸಿಂಗ್ ಓದುತ್ತಿದ್ದಾಳೆ.

ಎರಡನೇ ಬೆಳಿಗ್ಗೆ ಸ್ನಾನ ಮಾಡಿ, ತಂದಿದ್ದ ಸಣ್ಣ ದೇವರ ಫೋಟೋದ ಎದುರು ದೀಪ ಹಚ್ಚಿ ಎರಡು ಊದುಬತ್ತಿ ಹಚ್ಚಿದೆ. ಕಣ್ಣು ಮುಚ್ಚಿದ್ದೇ ತಡ, ಮಾಡು ಕಿತ್ತುಹೋಗುವ ಹಾಗೆ ಒಂದು ಕೂಗು. ತಲೆಯ ಮೇಲಿನ ಮಾಡಿನಲ್ಲಿ ಹೊಗೆ ಹಿಡಿಯುವ ಬಿಲ್ಲೆ ಇತ್ತಂತೆ, ಯಾರೂ ಹೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಸಮವಸ್ತ್ರದ ಇಬ್ಬರು ಬಂದು ನನ್ನ ಊದುಬತ್ತಿಯನ್ನು ನೀರಿನ ಲೋಟದಲ್ಲಿ ಅದ್ದಿ ಕೊಂಡುಹೋದರು. ದೇವರ ಎದುರಿನಿಂದ! ನಮ್ಮ ಮಾಳಿಗೆಯಲ್ಲಿ ಮಾತ್ರ ಕೂಗಿತು, ಇಡೀ ಕಟ್ಟಡವನ್ನು ಇಳಿಸಲಿಲ್ಲ ಎಂದು ಶುಭ ಸಮಾಧಾನ ಹೇಳಿದಳು. ಅದನ್ನೂ ಪುಣ್ಯದ ಪಟ್ಟಿಗೆ ಸೇರಿಸಿದೆ. ಮರುದಿನದಿಂದ ಬರೀ ಹೂವು, ಅದೂ ಪ್ಲಾಸ್ಟಿಕ್ ಡಬ್ಬಿಯಲ್ಲಿ ಫ್ರಿಜ್ಜಿನಿಂದ ಬಂದದ್ದು.

ವಾಚಿನ ಕೋಣೆ

ವಾಚುಗಳಿಗೆ ಒಂದು ಪ್ರತ್ಯೇಕ ಕೋಣೆ. ಮನೆಯಲ್ಲಿ ದೇವರಿಗೆ ಇಲ್ಲದ ಕೋಣೆ ಅವುಗಳಿಗೆ ಇತ್ತು. ದಿವಾಕರ ಬೆರಳು ಒತ್ತಿ ಬಾಗಿಲು ತೆರೆದ.

ಗಾಜಿನ ಹಿಂದೆ ಮೂವತ್ತೋ ನಲವತ್ತೋ ವಾಚುಗಳು. ಕೆಲವು ಪೆಟ್ಟಿಗೆಯಲ್ಲಿ ತಾವಾಗಿಯೇ ಗಿರಗಿರ ತಿರುಗುತ್ತಿದ್ದವು. ಕೈಗೆ ಕಟ್ಟಿಕೊಳ್ಳದಿದ್ದರೆ ನಿಂತುಹೋಗುತ್ತವಂತೆ, ಕೈಯ ಬದಲಿಗೆ ಮಿಷನ್. ಒಂದರಲ್ಲಿ ಹತ್ತು ಗಂಟೆ, ಇನ್ನೊಂದರಲ್ಲಿ ಎರಡೂವರೆ, ಮತ್ತೊಂದರಲ್ಲಿ ಐದು. ಸರಿಯಾದ ಹೊತ್ತು ಒಂದರಲ್ಲೂ ಇಲ್ಲ. ಕೆಲವಕ್ಕೆ ಡಯಲಿನ ತುಂಬ ವಜ್ರ, ಅಂಕೆಯೇ ಇಲ್ಲ, ಮುಳ್ಳು ಎಲ್ಲಿ ಉಂಟು ಎಂದು ಹುಡುಕಬೇಕು. ರಾಹುಕಾಲ ಕಳೆಯಿತೋ ಎಂದು ಕೇಳಿದರೆ ದಿವಾಕರ ಜೇಬಿನಿಂದ ಮೊಬೈಲ್ ತೆಗೆದ.

ಬೆಲೆಯನ್ನೂ ಹೇಳಿದ. ನಾನು ಬರೆಯುವುದಿಲ್ಲ. ಕೇಳಿದ ಮೇಲೆ ಆ ಕೋಣೆಯಲ್ಲಿ ನನಗೆ ಕೆಮ್ಮಲೂ ಹೆದರಿಕೆಯಾಯಿತು.

ಒಂದು ವಾಚಿನ ಸುತ್ತ ಕಾಮನಬಿಲ್ಲಿನ ಬಣ್ಣ. ಕೆಂಪಿನಿಂದ ಕೇಸರಿ, ಹಳದಿ, ಹಸಿರು, ನೀಲಿ, ಮತ್ತೆ ಕೆಂಪು. ಬಣ್ಣ ಹಾಕಿದ್ದಲ್ಲ, ಭೂಮಿಯಿಂದ ಹಾಗೆಯೇ ಬಂದ ಹರಳುಗಳು. ಒಂದರಿಂದ ಇನ್ನೊಂದಕ್ಕೆ ಬಣ್ಣ ಜಾರಬೇಕು, ಎಗರಬಾರದು. ಒಂದು ವಾಚಿಗೆ ಬೇಕಾದ ಹರಳು ಕೂಡಿಸಲು ವರ್ಷಗಟ್ಟಲೆ ಕಾಯುತ್ತಾರಂತೆ. ಒಂದೊಂದು ಹರಳನ್ನೂ ಅದರದ್ದೇ ಗುಳಿಗೆ ಕಡಿದು ಕೂರಿಸುವುದು, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಹಾಗಾಗಿ ಲೋಕದಲ್ಲೇ ಅಂಥವು ಬೆರಳೆಣಿಕೆಯಷ್ಟು. ಅಂಥದ್ದರಲ್ಲಿ ಒಂದೇ ಒಂದು ಹರಳು ಹೋಗಿ ಹೊಸತು ಬಂದರೆ, ಸಂಗ್ರಹ ಮಾಡುವವರು ಮುಖ ತಿರುಗಿಸುತ್ತಾರೆ.

ಆಚೆ ಪೂರ್ತಿ ನೀಲದ್ದೊಂದು ಇತ್ತು. ನಾನು ಕೇಳಿದೆ: "ನೀಲ ತರುವ ಮೊದಲು ಮೂರು ದಿನ ಮನೆಯಲ್ಲಿಟ್ಟು ನೋಡಿದ್ಯಾ? ಶನಿಯ ಕಲ್ಲು, ಎಲ್ಲರಿಗೂ ಆಗಿಬರುದಿಲ್ಲ ಅದು."

ಅವನು ನಕ್ಕ. "ಅಕ್ಕ, ಅದನ್ನು ಕಟ್ಟಿಕೊಳ್ಳುವುದೇ ಇಲ್ಲ. ಶನಿಗೆ ಗೊತ್ತೇ ಆಗುದಿಲ್ಲ."

ನಿಂತಿದ್ದ ಕೆಂಪು ಹರಳಿನ ವಾಚನ್ನು ಕೊನೆಗೆ ತೋರಿಸಿದ. ಐವತ್ತು ವರ್ಷ ಹಳೆಯದು, ಚಿನ್ನದ್ದು, ತೆಳ್ಳಗೆ. ಸುತ್ತ ನಲವತ್ತೆರಡು ಮಾಣಿಕ್ಯ. ಚಿನ್ನ ಮಂಕಾಗಿತ್ತು. ಸ್ವಲ್ಪ ಹುಣಸೆಹಣ್ಣು ಇದ್ದರೆ ನಾನು ಐದು ನಿಮಿಷದಲ್ಲಿ ಬೆಳಗಿ ಕೊಡುತ್ತೇನೆ ಎಂದೆ. ದಿವಾಕರ ವಾಚನ್ನು ಎದೆಗೆ ಹಿಡಿದು ಎರಡು ಹೆಜ್ಜೆ ಹಿಂದೆ ಹೋದ. ಆ ಮಂಕು ಇರುವುದೇ ಅದರ ಮರ್ಯಾದೆಯಂತೆ. ನಮ್ಮ ಮನೆಯಲ್ಲಿ ಮಂಕು ಹಿಡಿದರೆ ಮನೆಯ ಹೆಂಗಸಿನ ಮರ್ಯಾದೆ ಹೋಗುವುದು.

ನಮ್ಮವರು ಏನೂ ಹೇಳದೆ ವಾಚನ್ನು ಕಿವಿಗೆ ಹಿಡಿದರು. ಅವರ ಮುಖ ನೋಡಿದೆ. ಅಂಗಡಿಯಲ್ಲಿ ಹತ್ತು ವರ್ಷದಿಂದ ಕಾಣದಿದ್ದ ಮುಖ. ಆ ಹೊತ್ತಿನಲ್ಲಿ ಕೈ ನಡುಗುತ್ತಿರಲಿಲ್ಲ. ದೇವರೇ, ನಾಡಿದ್ದಿನವರೆಗೆ ಹೀಗೇ ಇರಲಿ ಎಂದುಕೊಂಡೆ.

ಮೂರನೇ ದಿನ, ನೋಡಲು ಬಂದವರು

ದಿವಾಕರನ ಹಾಗಿನದೇ ಚಾಳಿಯ ನಾಲ್ಕು ಗಂಡಸರು ಸಂಜೆ ಬಂದರು. ಒಬ್ಬೊಬ್ಬರ ದೇಶ ಒಂದೊಂದು. ನಾನೂ ಓಮನನೂ ಸೇರಿ ನೀರುದೋಸೆ, ಕೋಳಿ ಸಾರು, ಕಡಲೆ ಗಸಿ ಮಾಡಿದ್ದೆವು. ಯಾರಿಗೂ ಊಟದ ಪರಿವೆಯೇ ಇಲ್ಲ. ದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿತು. ಅವರು ಮಾತ್ರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಒಂದೊಂದು ವಾಚಿಗೆ ಕಾಲು ಕಾಲು ಗಂಟೆ. ನಡುವೆ ಒಬ್ಬ ನಿಟ್ಟುಸಿರು ಬಿಟ್ಟರೆ ಉಳಿದವರು ತಲೆಯಾಡಿಸುವರು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಹೊತ್ತು ನೋಡುವುದಿಲ್ಲ, ಅವಲಕ್ಕಿ ತಿಂದು ಎದ್ದುಹೋಗುತ್ತಾರೆ.

ಅವರಲ್ಲಿ ಒಬ್ಬ ಬಿಳಿ ಗಡ್ಡದ ಮುದುಕ. ನಾನು ಚಾ ಕೊಡಲು ಬಗ್ಗಿದಾಗ ನನ್ನ ಕಿವಿ ನೋಡಿದ. ನನ್ನದು ಏಳು ಕಲ್ಲಿನ ಬೆಂಡೋಲೆ, ತಾಯಿಯದ್ದು. ನೋಡಬಹುದೇ ಎಂದು ಕೈಸನ್ನೆಯಲ್ಲಿ ಕೇಳಿದ. ಗಂಡನ ಮುಖ ನೋಡಿ, ಬಲಗಿವಿಯದ್ದನ್ನು ಬಿಚ್ಚಿ ಕೊಟ್ಟೆ. ಅವನು ಭೂತಗನ್ನಡಿಯಲ್ಲಿ ನೋಡಿ ಏನೋ ಹೇಳಿದ. ದಿವಾಕರ ನನಗೆ ತಿಳಿಸಿದ: ಕೆಳಗಿನ ಸಾಲಿನ ಒಂದು ಕಲ್ಲು ಉಳಿದ ಆರರ ಒಡಹುಟ್ಟಿದ್ದಲ್ಲವಂತೆ.

ಅವನು ಹೇಳಿದ್ದು ಸರಿಯೇ. ನನ್ನ ಮದುವೆಗೆ ಮೊದಲು ಆ ಜಾಗದ ಕಲ್ಲು ಕಡಬದಲ್ಲಿ ತವರುಮನೆಯ ಬಾವಿಕಟ್ಟೆಯಲ್ಲಿ ಬಿದ್ದುಹೋಗಿತ್ತು. ಕಲ್ಲು ಬಿದ್ದ ಆಭರಣವನ್ನು ಮಗಳಿಗೆ ಕೊಡಬಾರದು ಎಂದು ಅಮ್ಮ ಆಚಾರಿಯಿಂದ ಬೇರೆ ಹಾಕಿಸಿದ್ದರು. ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ, ನನಗೆ ಬಿಟ್ಟು. ನಾನು ಮಾತ್ರ ಕನ್ನಡಿ ನೋಡಿದಾಗಲೆಲ್ಲ ಮೊದಲು ಆ ಒಂದು ಕಲ್ಲನ್ನೇ ನೋಡುವುದು.

ಈ ಸಂಗ್ರಹದವರ ಹುಚ್ಚು ಎಲ್ಲಿಂದ ಬರುತ್ತದೆ ಎಂದು ಅರ್ಧ ತಿಳಿಯಿತು. ಇನ್ನರ್ಧ ತಣ್ಣಗಾದ ದೋಸೆಯ ಸಿಟ್ಟಿನಲ್ಲಿ ಹೋಯಿತು.

ಕೆಂಪು ಹರಳಿನ ವಾಚನ್ನು ನೋಡಿ ಆ ಮುದುಕ ನಲವತ್ತೆರಡೂ ಹುಟ್ಟಿನದ್ದೇ ಎಂದನಂತೆ. ದಿವಾಕರ ಇಡೀ ಸಂಜೆ ಅದನ್ನೇ ಹೇಳಿಕೊಂಡು ತಿರುಗಿದ. ನಮ್ಮವರು ತಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕುಳಿತಿದ್ದರು.

ನಾಲ್ಕನೇ ದಿನ

ಬೆಳಿಗ್ಗೆ ಒಂಬತ್ತಕ್ಕೆ ಇವರು ವಾಚಿನ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕುಳಿತರು. ಇಸ್ತ್ರಿ ಮಾಡಿದ ಪ್ಯಾಂಟು, ಇನ್ ಮಾಡಿದ ಅಂಗಿ. ಚಂದ ಕಾಣುತ್ತಾರೆ ಎಂದು ಮೆಚ್ಚಿ ನಾನೇ ಬಾಗಿಲು ಅರ್ಧ ಎಳೆದು ಬಂದೆ. ಹತ್ತೂವರೆಗೆ ಓಮನ ನೆಲ ಒರೆಸಲು ಒಳಗೆ ಹೋಗಿ ಬಂದಳು. ಹನ್ನೆರಡಕ್ಕೆ ಊಟಕ್ಕೆ ಕರೆದರೆ ಇವರು ಎದ್ದು ಬರಲಿಲ್ಲ. ಎರಡು ಗಂಟೆಗೆ ದಿವಾಕರ ಒಳಗೆ ಹೋದ. ಅವನು ಅಯ್ಯೋ ಎಂದದ್ದು ಅಡುಗೆಮನೆಗೆ ಕೇಳಿದಾಗ ನನ್ನ ಕೈಯ ಸೌಟು ನಿಂತಿತು.

ಹೋಗಿ ನೋಡಿದೆ. ವಾಚು ಬಟ್ಟೆಯ ಮೇಲೆ ಇತ್ತು. ಕೆಂಪು ಬಳೆಯಲ್ಲಿ ಒಂದು ಗುಳಿ ಖಾಲಿ, ಹಲ್ಲು ಬಿದ್ದ ಬಾಯಿಯ ಹಾಗೆ. ನಲವತ್ತೊಂದು.

ದಿವಾಕರ ಸಿಟ್ಟು ಮಾಡಲಿಲ್ಲ. ಅವನು ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಕೇಳಿದ: "ಕೋಣೆಗೆ ಯಾರೆಲ್ಲ ಬಂದದ್ದು ಮೋನಪ್ಪಣ್ಣ? ನೀವು. ಮತ್ತೆ ಓಮನ. ಅಷ್ಟೇ ಅಲ್ವಾ?"

ಓಮನ ನನ್ನ ಹಿಂದೆಯೇ ಬಂದು ನಿಂತಿದ್ದಳು. ಅವಳಿಗೆ ಕನ್ನಡ ಹೆಚ್ಚು ಬರುವುದಿಲ್ಲ, ಆದರೆ ತನ್ನ ಹೆಸರು ಯಾವ ದನಿಯಲ್ಲಿ ಬಂತು ಎಂದು ತಿಳಿಯಲು ಭಾಷೆ ಬೇಡ. ಸೆರಗಿನ ಹಾಗೆ ಇದ್ದ ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು.

ನಾನು ನಮ್ಮವರನ್ನು ನೋಡಿದೆ. ಈ ಮನುಷ್ಯ ಇನ್ನೂ ಸಾಸರಿನ ಕಥೆ ಹೇಳಿದರೆ, ಜಾಲ್ಸೂರಿಗೆ ಒಬ್ಬಳೇ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

"ಓಮನ ಬರುವಾಗ ಕಲ್ಲು ಇರ್ಲಿಲ್ಲ" ಎಂದರು ಇವರು.

"ನಿಮಗೆ ಹೇಗೆ ಗೊತ್ತು?"

"ನಾನು ಬೀಳಿಸಿದ್ದು. ಹಿಂದಿನ ಮುಚ್ಚಳ ತೆಗೆಯುವಾಗ ಕೈ ಜಾರಿತು. ಬೆಳಗ್ಗಿಂದ ಹುಡುಕ್ತಾ ಇದ್ದೇನೆ." ಬಲಗೈಯನ್ನು ಬಿಳಿ ಬಟ್ಟೆಯ ಮೇಲೆ ಚಾಚಿ ಹಿಡಿದರು. ಆ ಕೈ ಎಲೆಯ ಹಾಗೆ ನಡುಗುತ್ತಿತ್ತು. "ನೋಡು ದಿವಾಕರ. ಮಳೆಗಾಲದಿಂದ ಉಂಟು. ಫೋನಿನಲ್ಲೇ ಹೇಳ್ಬೇಕಿತ್ತು. ಹೇಳಿದ್ರೆ ನೀನು ಕರೀತಿರ್ಲಿಲ್ಲ."

ಪೆಟ್ಟಿಗೆಯೊಳಗೆ ವಾಚುಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು.

ಇವರು ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದರು, ಯಾರನ್ನೂ ದೂರುವ ಹಾಗಿರಲಿಲ್ಲ ಅದು: "ಅಂಗಡಿಯಲ್ಲಾದ್ರೆ ಎಂತ ಬಿದ್ರೂ ಮುಂಡಿಗೆ ಬೀಳ್ತದೆ. ಪ್ಯಾಂಟಿನಲ್ಲಿ ಮಡಿಲೇ ಇಲ್ಲ."

ಆಗಲೇ ನನಗೆ ತಿಳಿದದ್ದು. ಆ ಮುಂಡು ಹರಡುವುದು ಇವರ ಸೋಮಾರಿತನದ ಕೂರುವಿಕೆ ಎಂದು ನಾನು ಅಷ್ಟು ವರ್ಷ ಎಣಿಸಿದ್ದೆ. ಕಣ್ಣಿಗೆ ಕಾಣದ ಸ್ಕ್ರೂ, ಸ್ಪ್ರಿಂಗ್ ಹಿಡಿಯಲೆಂದೇ ಆ ತೊಟ್ಟಿಲು. ಕೈ ಸ್ಥಿರ ಇದ್ದಾಗಲೂ ಅದನ್ನು ಬಿಟ್ಟು ಕೂತವರಲ್ಲ. ಕೈ ನಡುಗುವ ಕಾಲಕ್ಕೆ ಅದನ್ನು ಕಿತ್ತುಕೊಂಡವಳು ನಾನು. ಬಂದ ದಿನದಿಂದ ಮಿಷನಿನ ಮೇಲೆ, ಮಾಡಿನ ಮೇಲೆ, ಈ ಜನರ ಮೇಲೆ ಗೊಣಗಿಕೊಂಡೇ ಇದ್ದೆ. ಗೊಣಗಬೇಕಾದ ಜಾಗ ನನ್ನ ಚೀಲದ ತಳದಲ್ಲಿ ಮಡಚಿ ಇತ್ತು.

"ಪ್ಯಾಂಟು ಹಾಕಿಸಿದ್ದು ನಾನು" ಎಂದೆ. ನೆಲಕ್ಕೆ ಮೊಣಕಾಲೂರಿ ಹುಡುಕಲು ಶುರುಮಾಡಿದೆ.

ಆಮೇಲೆ ಐದು ಜನರೂ ನೆಲದ ಮೇಲೆ. ಶುಭ ಮೊಬೈಲಿನ ಬೆಳಕನ್ನು ನೆಲಕ್ಕೆ ಮಟ್ಟವಾಗಿ ಹಿಡಿದಳು. ಓಮನ ಧೂಳು ಹೀರುವ ಮಿಷನಿನ ಚೀಲವನ್ನು ಪೇಪರಿನ ಮೇಲೆ ಬಿಚ್ಚಿ, ಅಕ್ಕಿ ಹೆಕ್ಕುವ ಹಾಗೆ ಬೆರಳಲ್ಲಿ ಧೂಳು ಹೆಕ್ಕಿದಳು. ಒರೆಸಿದ ನೀರನ್ನು ಸೋಸಿದೆವು. ನೀಲದ ವಾಚು ಗಾಜಿನೊಳಗಿಂದ ನೋಡುತ್ತಿತ್ತು. ಮೂರು ದಿನ ಇಟ್ಟು ನೋಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಸಿಗಲಿಲ್ಲ. ದಿವಾಕರ ಓಮನನಿಗೆ ಏನೂ ಹೇಳಲಿಲ್ಲ, ಆದರೆ ಸಂಜೆ ಕೋಣೆಯ ಬಾಗಿಲು ಮುಚ್ಚುವಾಗ ಎರಡು ಸಲ ಎಳೆದು ನೋಡಿದ. ಅವಳು ಅದನ್ನು ನೋಡಿದಳು. ಇವರು ಒಪ್ಪಿಕೊಂಡ ಮೇಲೂ ಆ ಮನೆಯಲ್ಲಿ ಅವಳ ಮೇಲೆ ಒಂದು ಗುಲಗಂಜಿಯಷ್ಟು ಅನುಮಾನ ಉಳಿಯಿತು. ನಾವು ಎರಡು ದಿನದಲ್ಲಿ ಊರಿಗೆ ಹೋಗುವವರು. ಅವಳು ಅದರೊಟ್ಟಿಗೆ ಇರಬೇಕಾದವಳು.

ದೇವರ ಫೋಟೋದ ಎದುರು, ದೀಪ ಇಲ್ಲದೆ, ಊದುಬತ್ತಿ ಇಲ್ಲದೆ ನಿಂತು ನಮ್ಮ ದೈವ ಕೊರಗಜ್ಜನಿಗೆ ಹೇಳಿಕೊಂಡೆ. ನಮ್ಮ ಕಡೆ ಕಳೆದುಹೋದದ್ದಕ್ಕೆ ಅಜ್ಜನೇ ದಿಕ್ಕು, ದನ ತಪ್ಪಿದರೂ ಮೂಗುತಿ ಬಿದ್ದರೂ. ಕಲ್ಲು ಸಿಕ್ಕಿದರೆ ಊರಿಗೆ ಮುಟ್ಟಿದ ಮೇಲೆ ಚಕ್ಕುಲಿ, ಬೀಡಾ ಕೊಡಿಸುತ್ತೇನೆ ಅಜ್ಜ. ಕಡಲು ದಾಟಿ ಮೂವತ್ತೊಂದು ಮಾಳಿಗೆ ಹತ್ತಿ ಬರಬೇಕು, ಕಷ್ಟ ಗೊತ್ತುಂಟು.

ಐದನೇ ದಿನ, ಬಚ್ಚಲು

ಬೆಳಿಗ್ಗೆ ಎದ್ದು ಬಾಲ್ದಿಗೆ ನೀರು ಬಿಟ್ಟು ಹಿಂದಿನ ದಿನದ ಬಟ್ಟೆ ತೆಗೆದೆ. ಶುಭ ಬಾಗಿಲಲ್ಲಿ ನಿಂತು ನಾಲ್ಕನೇ ಸಲ ಮಿಷನ್ ಉಂಟಲ್ಲ ಅಕ್ಕ ಎಂದಳು. ಅಂಗಿಯ ಜೇಬು ನೋಡಿದೆ, ಪ್ಯಾಂಟಿನ ಜೇಬು ನೋಡಿದೆ. ಆಮೇಲೆ ಕಾಲಿನ ಮಡಿಕೆ ಬಿಡಿಸಿದೆ, ಮಡಿಕೆಯಲ್ಲಿ ಧೂಳು ಕೂರುತ್ತದಲ್ಲ. ಬಲಗಾಲಿನದ್ದರಲ್ಲಿ ಸ್ವಲ್ಪ ನೂಲಿನ ಕಸ, ಒಂದು ಬಿಸ್ಕೆಟಿನ ಪುಡಿ, ಮತ್ತೆ ಅಕ್ಕಿ ನುಚ್ಚಿನಷ್ಟು ಒಂದು ಕೆಂಪು.

ದರ್ಜಿ ಹೊಲಿದಿದ್ದರೆ ಒಳಗಡೆಗೆ ಮಡಚುತ್ತಿದ್ದ, ನುಣ್ಣಗೆ. ನನ್ನ ದೊಡ್ಡ ಹೊಲಿಗೆಯ ಮಡಿಕೆ ಚೀಲದ ಹಾಗೆ ಬಾಯಿ ತೆರೆದುಕೊಂಡಿತ್ತು. ಕಲ್ಲು ಇವರ ಮಡಿಲಿಗೆ ಬೀಳಲಿಲ್ಲ, ಮೊಣಕಾಲಿನಿಂದ ಜಾರಿ ಅಲ್ಲಿಗೆ ಬಿದ್ದು, ಇಡೀ ದಿನ ಇವರೊಟ್ಟಿಗೇ ನಡೆದಾಡಿ ನಮ್ಮನ್ನೆಲ್ಲ ನೆಲದ ಮೇಲೆ ಹುಡುಕಿಸಿತ್ತು.

ಕೂಗಲಿಲ್ಲ. ಕೂಗಿದರೆ ಕೈಯಿಂದ ಹಾರಿ ಬಚ್ಚಲ ತೂತಿಗೆ ಹೋಗುತ್ತದೆ ಎಂಬ ಹೆದರಿಕೆ. ಮುಷ್ಟಿ ಬಿಗಿಹಿಡಿದು ಎದ್ದೆ. ಮೊದಲು ದೇವರ ಫೋಟೋದ ಹತ್ತಿರ ಹೋಗಬೇಕಿತ್ತು, ಹೋಗಲಿಲ್ಲ. ಗಂಡನ ಹತ್ತಿರವೂ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಓಮನನ ಎದುರು ಮುಷ್ಟಿ ಬಿಡಿಸಿದೆ. ಅವಳು ಮೊದಲು ನನ್ನ ಅಂಗೈ ನೋಡಿದಳು, ಆಮೇಲೆ ಒಲೆ ಆರಿಸಿದಳು, ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು.

ದಿವಾಕರ ಕಲ್ಲನ್ನು ಭೂತಗನ್ನಡಿಯಲ್ಲಿ ನೋಡಿ ಗುಳಿಯೊಟ್ಟಿಗೆ ಹೊಂದಿಸಿ ನೋಡಿದ. ಅದೇ. ಕೂರಿಸಲು ಹರಳಿನ ಕೆಲಸದವನೇ ಬೇಕು, ಅದು ಬೇರೆ ಕಸುಬು. ಸದ್ಯಕ್ಕೆ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟ. ಓಮನನನ್ನು ಕರೆದು ತಪ್ಪಾಯಿತು ಎಂದು ಮಲೆಯಾಳದಲ್ಲಿ ಹೇಳಿದ. ಅರ್ಧ ಮಲೆಯಾಳ, ಆದರೆ ಹೇಳಿದ. ಆಮೇಲೆ ಇವರ ಕಡೆ ತಿರುಗಿ, ಯಂತ್ರ ಹಾಗೇ ಇರಲಿ ಮೋನಪ್ಪಣ್ಣ, ನಿಂತರೂ ಅದರ ಬೆಲೆ ಕಡಿಮೆ ಆಗುವುದಿಲ್ಲ ಎಂದ. ಅದು ಮರ್ಯಾದೆಯ ಮಾತು. ಇವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇರಲಿಲ್ಲ.

ಇವರು ನನ್ನನ್ನು ನೋಡಿದರು. "ಮುಂಡು ತಂದಿದ್ದಿ ಅಲ್ವಾ?"

ತಂದುಕೊಟ್ಟೆ. ಮೇಜಿಗೆ ಡ್ರಾಯರ್ ಇರಲಿಲ್ಲ. ಓಮನ ಬಟ್ಟೆ ಒಣಗಿಸುವ ಎರಡು ಕ್ಲಿಪ್ಪು ತಂದಳು. ಮುಂಡಿನ ಅಂಚನ್ನು ಮೇಜಿಗೆ ಸಿಕ್ಕಿಸಿ, ತೊಟ್ಟಿಲು ಮಾಡಿ, ಕಾಲು ಅಗಲಿಸಿ ಕುಳಿತರು. ಶುಭನ ಎದುರಿಗೇ. ನನಗೆ ನಾಚಿಕೆಯಾಗಲಿಲ್ಲ. ಎರಡೂ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿಹಿಡಿದರೆ ನಡುಕ ಅರ್ಧಕ್ಕೆ ಇಳಿಯುತ್ತಿತ್ತು. ಹತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ. ಮುಂಡಿಗೆ ಮೂರು ಸಲ ಸ್ಕ್ರೂ ಬಿತ್ತು, ಮೂರು ಸಲವೂ ಹೆಕ್ಕಿದರು. ನಾನು ಬಾಗಿಲ ಹತ್ತಿರ ಕುಳಿತು ಬೀನ್ಸು ಮುರಿದೆ, ಮುರಿದದ್ದನ್ನೇ ಮತ್ತೆ ಮುರಿದೆ.

ನಾಲ್ಕು ಗಂಟೆಯ ಹೊತ್ತಿಗೆ ಕೀಲಿ ಕೊಟ್ಟು ದಿವಾಕರನ ಕಿವಿಗೆ ಹಿಡಿದರು. ಅಪ್ಪನ ವಾಚಿನ ಸದ್ದು ಹೀಗೇ ಇತ್ತು ಎಂದ.

ಇವರು ಮೊಬೈಲ್ ಕೇಳಿ ತೆಗೆದುಕೊಂಡು, ವಾಚಿಗೆ ಸರಿಯಾದ ಹೊತ್ತು ಇಟ್ಟರು. ಆ ಮನೆಯಲ್ಲಿ ಸರಿಯಾದ ಹೊತ್ತು ತೋರಿಸುವ ವಾಚು ಅದೊಂದೇ. ಆಮೇಲೆ 'ಇದು ನಂದು ಕೊನೆಯದ್ದು ಮಾರಾಯ' ಎಂದು ಉಪಕರಣಗಳನ್ನು ಒರೆಸಿ ಒಂದೊಂದಾಗಿ ಪೆಟ್ಟಿಗೆಗೆ ಇಟ್ಟರು.

ಹಿಂದೆ ಬರುವಾಗ ಆ ಪೆಟ್ಟಿಗೆಯನ್ನು ನಾನು ಹೇಳದೆಯೇ ದೊಡ್ಡ ಚೀಲಕ್ಕೆ ಹಾಕಿದರು. ಮುಂಡು ಉಟ್ಟೇ ವಿಮಾನ ಹತ್ತಿದರು. ಯಾರೂ ತಿರುಗಿ ನೋಡಲಿಲ್ಲ. ನೋಡಿದ್ದರೂ ನನಗೇನು.

ಮತ್ತೆ ಜಾಲ್ಸೂರು

ತೂಗುದೀಪ ಬಾಲ್ದಿಯಲ್ಲಿ ಹುಣಸೆ ನೀರಿನೊಳಗೆ ವಾರಗಟ್ಟಲೆ ಕಳೆದು ಹಸಿರು ಹಸಿರಾಗಿ, ನಡುನಡುವೆ ಕಪ್ಪು ಹಿಡಿದು ಕುಳಿತಿತ್ತು. ಎಷ್ಟು ತಿಕ್ಕಿದರೂ ಹೋಗುವ ಬಣ್ಣ ಅಲ್ಲ. ದಿವಾಕರ ಇದ್ದಿದ್ದರೆ ಅದರ ಮರ್ಯಾದೆ ಹೆಚ್ಚಾಯಿತು ಅನ್ನುತ್ತಿದ್ದನೋ ಏನೋ. ಶುಕ್ರವಾರ ಅದನ್ನೇ ಹಚ್ಚಿದೆ. ಉರಿಯುವುದಕ್ಕೆ ತೊಂದರೆ ಇಲ್ಲ.

ಇವರು ಸಾಸರಿನ ವಿಷಯ ಎತ್ತದೆ ನನ್ನೊಟ್ಟಿಗೆ ಪುತ್ತೂರಿಗೆ ಡಾಕ್ಟರ ಹತ್ತಿರ ಬಂದರು. ಮಾತ್ರೆ ಶುರುವಾಗಿದೆ. ಅಂಗಡಿ ತೆರೆಯುತ್ತಾರೆ, ಬ್ಯಾಟರಿ ಮತ್ತೆ ಪಟ್ಟಿ ಮಾತ್ರ. ದಿವಾಕರ ಮೊಬೈಲಿಗೆ ಫೋಟೋ ಕಳಿಸಿದ್ದಾನೆ, ನಲವತ್ತೆರಡನೆಯದು ಅದರ ಗುಳಿಯಲ್ಲಿ ಕುಳಿತಿದೆ. ಫೋಟೋದ ಮೂಲೆಯಲ್ಲಿ ವಾಚಿನ ಕೋಣೆಯ ನೆಲ ಒರೆಸುತ್ತಿರುವ ಓಮನನ ಕೈ ಕಾಣುತ್ತದೆ, ಬಾಗಿಲು ತೆರೆದೇ ಇದೆ.

ಅಜ್ಜನ ಚಕ್ಕುಲಿ ಬಾಕಿ ಉಂಟಲ್ಲ. ಅಕ್ಕಿ ತೊಳೆದು ಒಣಗಿಸಿ, ಉದ್ದು ಹುರಿದು, ಎರಡನ್ನೂ ಹುಡಿ ಮಾಡಿಸಿ ತಂದೆ. ನಮ್ಮ ಕಡೆ ಅಜ್ಜನ ಕಟ್ಟೆಗೆ ಹೆಂಗಸರು ಹೋಗುವ ಕ್ರಮ ಇಲ್ಲ, ಇವರು ಕೊಂಡುಹೋಗುತ್ತಾರೆ. ಬೀಡಾ ಕಟ್ಟಿ ಇಟ್ಟಾಗಿದೆ. ಹಿಟ್ಟು ನಾದುವಾಗ ಇವರು ಬಂದು, ಚಕ್ಕುಲಿ ಒರಳು ಒತ್ತಲು ನಾನು ಕೂರುತ್ತೇನೆ ಎಂದರು. ಸುರುಳಿ ಸೊಟ್ಟ ಬರುತ್ತದೆ ಎಂದು ಹೇಳಹೊರಟವಳು ಬಾಯಿ ಮುಚ್ಚಿಕೊಂಡೆ. ಮುಂಡು ಮೊಣಕಾಲ ಮೇಲೆ ಹರಡಿ ಕುಳಿತರು. ಎಳ್ಳು ಉದುರಿದರೆ ಅದಕ್ಕೇ ಬೀಳುತ್ತದೆ.

ಒಳಗೆ ಫೋನು ಬಡಿಯುತ್ತಿದೆ. ಬಡಿಯಲಿ. ಎಣ್ಣೆ ಕಾದಿದೆ, ಮೊದಲ ಚಕ್ಕುಲಿ ಬಿಡಬೇಕು.